ಮಸ್ಕೊವೈಟ್: ಒಂದು ಕಲ್ಲು, ಒಂದು ಜನ, ಒಂದು ಹೆಸರು

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಜಗತ್ತಿನ ಎಷ್ಟೋ ವಸ್ತುಗಳಿಗೆ ಹೆಸರಿಟ್ಟವರು ಅವನ್ನು ಬೆಳೆದವರೂ ಅಲ್ಲ, ಅಗೆದವರೂ ಅಲ್ಲ. ದೂರದಿಂದ ಬಂದು ಕೊಂಡುಕೊಂಡವರು. ಭಾರತದಲ್ಲಿ ಹುಟ್ಟಿದ ಅಂಕಿಗಳು ಅರಬರ ಕೈಯಿಂದ ಯೂರೋಪಿಗೆ ತಲುಪಿದವು; ಆದ್ದರಿಂದ ಅಲ್ಲಿಯವರು ಅವನ್ನು ‘ಅರಬೀ ಅಂಕಿ’ಗಳೆಂದೇ ಕರೆದರು. ಇಂತಹುದೇ ಇನ್ನೊಂದು ಹೆಸರು ಮಸ್ಕೊವೈಟ್. ಇದು ಒಂದು ಕಲ್ಲಿನ ಹೆಸರು. ಒಂದು ಕಾಲದ ರಷ್ಯನ್ ಜನರ ಹೆಸರೂ ಹೌದು. ಈ ಎರಡಕ್ಕೂ ಒಂದೇ ಹೆಸರು ಹೇಗೆ ಬಂದಿತು, ಅದನ್ನು ಇಟ್ಟವರು ಯಾರು ಎಂಬುದನ್ನು ವಿಚಾರಿಸುವುದೇ ಈ ಪುಟ್ಟ ಲೇಖನದ ಉದ್ದೇಶ. ನಾನು ಇತಿಹಾಸದ ವಿದ್ಯಾರ್ಥಿ; ಖನಿಜಶಾಸ್ತ್ರ ನನ್ನ ಪಾಠವಲ್ಲ. ಆದರೆ ಈ ಕಲ್ಲಿನ ಕಥೆಯಲ್ಲಿ ಅರ್ಧ ಭಾಗ ಇತಿಹಾಸವೇ ಆಗಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಕಲ್ಲನ್ನು ನೋಡೋಣ. ಮಸ್ಕೊವೈಟ್ ಎಂಬುದು ಅಭ್ರಕದ ಒಂದು ಜಾತಿ. ಅಭ್ರಕ ನಮಗೆ ಅಪರಿಚಿತವೇನೂ ಅಲ್ಲ. ಮರಳಿನಲ್ಲಿ ಬಿಸಿಲಿಗೆ ಮಿಣಮಿಣ ಹೊಳೆಯುವ ಚಕ್ಕೆಗಳನ್ನು ಆರಿಸಿ ‘ಕಾಗೆಬಂಗಾರ’ ಎಂದು ಜೇಬಿಗೆ ತುಂಬಿಕೊಂಡ ಹುಡುಗರು ನಮ್ಮ ತರಗತಿಯಲ್ಲಿಯೇ ಅನೇಕರಿದ್ದಾರೆ. ಹಳೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿದರೆ, ಕಾಯುವ ತಂತಿಯನ್ನು ಸುತ್ತಿರುವ ಹಾಳೆಯೂ ಅಭ್ರಕವೇ. ಇದರಲ್ಲಿ ಹಲವು ಜಾತಿಗಳುಂಟು. ಕಪ್ಪು ಬಣ್ಣದ್ದು ಬಯೊಟೈಟ್. ಫ್ರಾನ್ಸಿನ ವಿಜ್ಞಾನಿ ಬಿಯೋ ಅವರ ನೆನಪಿಗೆ ೧೮೪೭ರಲ್ಲಿ ಅದಕ್ಕೆ ಆ ಹೆಸರನ್ನು ಕೊಟ್ಟರು. ಬಣ್ಣವಿಲ್ಲದ, ಇಲ್ಲವೆ ತೆಳುವಾದ ಹಳದಿ ಅಥವಾ ಕೆಂಪು ಛಾಯೆಯ ಪಾರದರ್ಶಕ ಜಾತಿಯೇ ಮಸ್ಕೊವೈಟ್.

ಪೊಟ್ಯಾಸಿಯಂ, ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ, ಜಲಜನಕ ಇವು ಮಸ್ಕೊವೈಟಿನ ಮೂಲಧಾತುಗಳು. ಭೂಮಿಯ ಒಡಲಲ್ಲಿ ಕರಗಿದ ಶಿಲಾರಸ ಬಹು ನಿಧಾನವಾಗಿ ಆರಿ, ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲಾಗುವಾಗ ಅಭ್ರಕದ ದೊಡ್ಡ ದೊಡ್ಡ ಹರಳುಗಳು ಬೆಳೆಯುತ್ತವೆ. ಹರಳಿನೊಳಗೆ ಸಿಲಿಕಾನ್, ಅಲ್ಯುಮಿನಿಯಂ ಮತ್ತು ಆಮ್ಲಜನಕಗಳು ಬಿಗಿಯಾಗಿ ಹೆಣೆದುಕೊಂಡು ಪದರಗಳಾಗಿರುತ್ತವೆ. ಪದರ ಪದರಗಳ ನಡುವೆ ಪೊಟ್ಯಾಸಿಯಂ ಕಣಗಳು ಕುಳಿತು ಅವನ್ನು ಒಂದಕ್ಕೊಂದು ಹಿಡಿದಿರುತ್ತವೆ. ಪದರದೊಳಗಿನ ಬಂಧ ಗಟ್ಟಿ. ಪದರಗಳ ನಡುವಿನ ಬಂಧ ದುರ್ಬಲ. ಆದ್ದರಿಂದಲೇ ಅಭ್ರಕವನ್ನು ಚಾಕುವಿನ ಮೊನೆಯಿಂದ ಎಬ್ಬಿಸಿದರೆ ಪುಸ್ತಕದ ಹಾಳೆಗಳಂತೆ ಬಿಡಿಬಿಡಿಯಾಗಿ ಏಳುತ್ತದೆ. ಈ ರಚನೆಯನ್ನು ೧೯೩೦ರಲ್ಲಿ ಲೈನಸ್ ಪಾಲಿಂಗ್ ವಿವರಿಸಿದರು. ಒಂದು ಪದರದ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಎಂದರೆ, ಉಗುರಿನಷ್ಟೂ ದಪ್ಪವಿಲ್ಲದ ಒಂದು ಅಭ್ರಕದ ಚೂರಿನಲ್ಲಿ ಲಕ್ಷಗಟ್ಟಲೆ ಹಾಳೆಗಳಿರುತ್ತವೆ! ಉಗುರಿನಿಂದ ಗೀರಬಹುದಾದಷ್ಟು ಮೆದುವಾದರೂ ಇದು ೫೦೦ ಡಿಗ್ರಿ ಸೆಂಟಿಗ್ರೇಡ್ ಕಾವನ್ನು ತಡೆಯುತ್ತದೆ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಬಾಗಿಸಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬೆಳಕನ್ನು ಒಳಗೆ ಬಿಡುವ, ಗಾಜಿನಂತೆ ಒಡೆಯದ ಈ ಗುಣವೇ ಅದನ್ನು ರಷ್ಯದ ಮನೆಗಳ ಕಿಟಕಿಗೆ ಏರಿಸಿತು.

ಇನ್ನು ಜನರ ವಿಷಯ. ಮಸ್ಕೊವೈಟರೆಂದರೆ ಯಾವುದೋ ಪ್ರಾಚೀನ ಬುಡಕಟ್ಟು ಎಂದು ಭಾವಿಸುವುದು ಸರಿಯಲ್ಲ. ಮಾಸ್ಕೋ ನದಿಯ ದಡದಲ್ಲಿ ಮೊದಲು ನೆಲಸಿದ ಸ್ಲಾವ್ ಬುಡಕಟ್ಟುಗಳು ವ್ಯಾತಿಚಿ ಮತ್ತು ಕ್ರಿವಿಚಿ ಎಂಬವು. ಮಾಸ್ಕೋ ಎಂಬ ಊರಿನ ಹೆಸರು ರಷ್ಯದ ವೃತ್ತಾಂತಗಳಲ್ಲಿ ಮೊದಲು ಕಾಣುವುದು ೧೧೪೭ರಲ್ಲಿ. ರಾಜಕುಮಾರ ಯೂರಿ ದೊಲ್ಗೊರೂಕಿ ತನ್ನ ಮಿತ್ರನೊಬ್ಬನನ್ನು ಅಲ್ಲಿಗೆ ಆಹ್ವಾನಿಸಿ ಔತಣ ನೀಡಿದ ಸಂದರ್ಭದಲ್ಲಿ. ಆಗ ಅದೊಂದು ಸಣ್ಣ ಗಡಿಯ ಊರು. ೧೨೩೮ರಲ್ಲಿ ಮಂಗೋಲರು ಅದನ್ನು ಸುಟ್ಟರು. ಆ ಬೂದಿಯಿಂದ ಎದ್ದ ಊರು ಮುಂದೆ ಮಂಗೋಲ್ ಖಾನನಿಗೆ ಕಪ್ಪ ಒಟ್ಟುಮಾಡಿಕೊಡುವ ಕೆಲಸದಿಂದಲೇ ಬಲಿಯಿತು. ಆ ಕೆಲಸದಲ್ಲಿ ನಿಪುಣನಾದ ಒಂದನೆಯ ಇವಾನನನ್ನು ಜನ ‘ಕಲಿತಾ’ ಎಂದು ಕರೆದರು; ಅದರ ಅರ್ಥ ಹಣದ ಚೀಲ. ೧೩೮೦ರಲ್ಲಿ ದ್ಮಿತ್ರಿ ದೊನ್‌ಸ್ಕೊಯ್ ಕುಲಿಕೊವೊ ಬಯಲಿನಲ್ಲಿ ಮಂಗೋಲ್ ಸೈನ್ಯವನ್ನು ಸೋಲಿಸಿದನು. ಒಂದು ಶತಮಾನದ ಬಳಿಕ, ೧೪೮೦ರಲ್ಲಿ, ಮೂರನೆಯ ಇವಾನನ ಕಾಲದಲ್ಲಿ ಮಾಸ್ಕೋ ಆ ಅಧೀನತೆಯಿಂದ ಸಂಪೂರ್ಣ ಬಿಡುಗಡೆ ಹೊಂದಿತು. ಈ ಮಾಸ್ಕೋ ಸಂಸ್ಥಾನದ ಪ್ರಜೆಗಳನ್ನೇ ಪಶ್ಚಿಮ ಯೂರೋಪಿನವರು ಮಸ್ಕೊವೈಟರೆಂದು ಕರೆದುದು.

ಇಲ್ಲಿ ಒಂದು ಸ್ವಾರಸ್ಯವಿದೆ. ಮಾಸ್ಕೋ ನಗರದ ನೆಲದಲ್ಲಿ ಅಭ್ರಕದ ಗಣಿಗಳಿಲ್ಲ. ಆ ನೆಲದ ಕಲ್ಲು ಬಿಳಿಯ ಸುಣ್ಣಕಲ್ಲು. ೧೩೬೭ರಲ್ಲಿ ದ್ಮಿತ್ರಿ ದೊನ್‌ಸ್ಕೊಯ್ ಕ್ರೆಮ್ಲಿನ್ ಕೋಟೆಯ ಗೋಡೆಯನ್ನು ಕಟ್ಟಿಸತೊಡಗಿದುದು ಆ ಕಲ್ಲಿನಿಂದಲೇ. ಅಭ್ರಕ ದೊರೆಯುತ್ತಿದ್ದುದು ಬಹುದೂರ ಉತ್ತರದಲ್ಲಿ, ಶ್ವೇತಸಮುದ್ರದ ಕರಾವಳಿಯ ಕರೇಲಿಯಾದಲ್ಲಿ. ಅಲ್ಲಿನ ಕೇರೆತ್ ಎಂಬ ಊರು ಅಭ್ರಕಕ್ಕೆ ಹೆಸರಾಗಿತ್ತು. ಆ ಪ್ರಾಂತ ಮೊದಲು ನೊವ್‌ಗೊರೊದ್ ಎಂಬ ವರ್ತಕರ ನಗರರಾಜ್ಯಕ್ಕೆ ಸೇರಿತ್ತು. ೧೪೭೮ರಲ್ಲಿ ಮೂರನೆಯ ಇವಾನನು ನೊವ್‌ಗೊರೊದನ್ನು ವಶಪಡಿಸಿಕೊಂಡ ಮೇಲೆಯೇ ಆ ಕರಾವಳಿ ಮಾಸ್ಕೋ ಅರಸನ ಕೈಗೆ ಬಂದುದು. ಹಿಮದಲ್ಲಿ ನಿಂತು ಕಲ್ಲನ್ನು ಅಗೆದು ಸೀಳಿದವರು ಕರೇಲಿಯಾದವರು. ಹೆಸರು ದಕ್ಕಿದುದು ಮಾಸ್ಕೋವಿಗೆ.

ಆ ಹೆಸರು ಹುಟ್ಟಿದ ಬಗೆಯನ್ನು ತಿಳಿಯಲು ನಾವು ಇಂಗ್ಲಿಷರ ಹಡಗುಗಳ ಹಿಂದೆ ಹೋಗಬೇಕು. ೧೫೫೩ರಲ್ಲಿ ಇಂಗ್ಲೆಂಡಿನಿಂದ ಮೂರು ಹಡಗುಗಳು ಈಶಾನ್ಯ ದಿಕ್ಕಿನ ಸಮುದ್ರಮಾರ್ಗವಾಗಿ ಏಷ್ಯಾ ಖಂಡವನ್ನು ತಲುಪಲು ಹೊರಟವು. ನಾಯಕ ಹ್ಯೂ ವಿಲೋಬಿಯೂ ಅವನೊಡನಿದ್ದ ಎರಡು ಹಡಗುಗಳ ಜನರೂ ಕೋಲಾ ದ್ವೀಪಕಲ್ಪದ ತೀರದಲ್ಲಿ ಚಳಿಗಾಲಕ್ಕೆ ಸಿಕ್ಕಿ ಸತ್ತರು. ರಿಚರ್ಡ್ ಚಾನ್ಸೆಲರನ ಹಡಗೊಂದು ಮಾತ್ರ ಶ್ವೇತಸಮುದ್ರವನ್ನು ಹೊಕ್ಕು ದ್ವಿನಾ ನದಿಯ ಮುಖವನ್ನು ಸೇರಿತು. ಅಲ್ಲಿಂದ ಅವನನ್ನು ಹಿಮದ ಮೇಲೆ ಮಾಸ್ಕೋವಿಗೆ ಕರೆದೊಯ್ದು ನಾಲ್ಕನೆಯ ಇವಾನನ ಮುಂದೆ ನಿಲ್ಲಿಸಿದರು. ೧೫೫೫ರಲ್ಲಿ ಲಂಡನಿನಲ್ಲಿ ‘ಮಸ್ಕೊವಿ ಕಂಪನಿ’ಗೆ ರಾಜಸನ್ನದು ದೊರೆಯಿತು. ನಮ್ಮ ದೇಶಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಗಿಂತ ಇದು ೪೫ ವರ್ಷ ಹಿರಿಯದು.

೧೫೬೮ರಲ್ಲಿ ಇಂಗ್ಲಿಷ್ ರಾಯಭಾರಿಯ ಕಾರ್ಯದರ್ಶಿಯಾಗಿ ಹೋದ ಜಾರ್ಜ್ ಟರ್ಬರ್‌ವಿಲ್ ಎಂಬ ಕವಿ ತನ್ನ ಮಿತ್ರರಿಗೆ ಪದ್ಯರೂಪದ ಪತ್ರಗಳನ್ನು ಬರೆದನು. ರಷ್ಯದವರು ಒಂದು ಬಗೆಯ ಕಲ್ಲನ್ನು ತೆಳುವಾಗಿ ಸೀಳಿ, ಆ ತುಂಡುಗಳನ್ನು ದಾರದಿಂದ ಹೊಲಿದು ಕಿಟಕಿ ಮಾಡಿಕೊಳ್ಳುತ್ತಾರೆಂದೂ, ಅದರ ಬೆಲೆ ಅತ್ಯಲ್ಪವೆಂದೂ ಅವನು ತಿಳಿಸುತ್ತಾನೆ. ೧೫೮೮ರಲ್ಲಿ ರಾಯಭಾರಿಯಾಗಿ ಹೋದ ಜೈಲ್ಸ್ ಫ್ಲೆಚರನು ೧೫೯೧ರ ತನ್ನ ಪುಸ್ತಕದಲ್ಲಿ, ಅದು ಗಾಜಿಗಿಂತ ಸ್ವಚ್ಛವಾದ ಬೆಳಕನ್ನು ಕೊಡುತ್ತದೆ, ಗಾಜಿನಂತೆ ಒಡೆಯುವುದಿಲ್ಲ, ಲಾಂದ್ರಕ್ಕೆ ಹಾಕುವ ಕೊಂಬಿನಂತೆ ಉರಿಯುವುದೂ ಇಲ್ಲ ಎಂದು ಮೆಚ್ಚುತ್ತಾನೆ. ವಾಚಕರು ಗಮನಿಸಬೇಕಾದ ಸಂಗತಿ ಇದು: ಇಬ್ಬರೂ ಆ ಕಲ್ಲಿಗೆ ಅಲ್ಲಿನವರು ಇಟ್ಟಿದ್ದ ಹೆಸರನ್ನೇ ಕೇಳಿ ಬರೆದುಕೊಂಡಿದ್ದಾರೆ. ಆ ಹೆಸರು ‘ಸ್ಲ್ಯೂದಾ’. ಆದರೆ ಸರಕು ಲಂಡನಿನ ಮಾರುಕಟ್ಟೆಯನ್ನು ಮುಟ್ಟುವಷ್ಟರಲ್ಲಿ ಸ್ಲ್ಯೂದಾ ಮರೆಯಾಗಿ ‘ಮಸ್ಕೊವಿ ಗಾಜು’ ಉಳಿಯಿತು. ಅದು ಗಾಜೂ ಅಲ್ಲ, ಮಾಸ್ಕೋವಿನದೂ ಅಲ್ಲ. ಆದರೂ ಕೊಳ್ಳುವವನಿಗೆ ಅಷ್ಟು ಹೇಳಿದರೆ ಸಾಕಾಗಿತ್ತು.

ಜನರ ಹೆಸರಿಗೂ ಇದೇ ಗತಿಯಾಯಿತು. ಆ ಜನ ತಮ್ಮ ನಾಡನ್ನು ‘ರುಸ್’ ಎಂದು ಕರೆದುಕೊಳ್ಳುತ್ತಿದ್ದರು. ಮೂರನೆಯ ಇವಾನನು ‘ಸಮಸ್ತ ರುಸ್‌ನ ಒಡೆಯ’ ಎಂಬ ಬಿರುದನ್ನು ಧರಿಸಿದ್ದನು. ಆದರೆ ಕೀವ್ ಮೊದಲಾದ ರುಸ್‌ನ ಹಳೆಯ ನಗರಗಳು ಆಗ ಲಿಥುವೇನಿಯದ ಅರಸರ ಕೈಯಲ್ಲಿದ್ದುವು. ಆ ಬಿರುದನ್ನು ಒಪ್ಪಿದರೆ ತಮ್ಮ ನಗರಗಳನ್ನೂ ಬಿಟ್ಟುಕೊಟ್ಟಂತೆ ಎಂದು ಅವರು ಅಂಜಿದರು. ‘ನೀನು ಮಾಸ್ಕೋವಿಗೆ ಮಾತ್ರ ಒಡೆಯ’ ಎಂಬುದು ಅವರ ವಾದ. ಆಸ್ಟ್ರಿಯದ ರಾಯಭಾರಿ ಹೆರ್ಬರ್‌ಸ್ಟೈನ್ ೧೫೪೯ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದ ಶೀರ್ಷಿಕೆಯಲ್ಲಿಯೂ ಇರುವುದು ‘ಮಸ್ಕೊವಿ’ ಎಂಬ ಹೆಸರೇ. ಹೀಗೆ ಕರೆಯುವುದರಲ್ಲಿ ಕೆಲವರಿಗೆ ಸೌಕರ್ಯ, ಕೆಲವರಿಗೆ ರಾಜಕೀಯ. ರುಸ್ ಎಂಬ ಹೆಸರು ಯಾರ ಸ್ವತ್ತು ಎಂಬ ಜಗಳ ಇಂದಿಗೂ ಆರಿಲ್ಲವೆಂಬುದನ್ನು ಪತ್ರಿಕೆ ಓದುವವರೆಲ್ಲರೂ ಬಲ್ಲರು.

೧೭೨೧ರಲ್ಲಿ ಮೊದಲನೆಯ ಪೀಟರನು ಚಕ್ರವರ್ತಿಯೆನಿಸಿಕೊಂಡು ತನ್ನ ರಾಜ್ಯವನ್ನು ರಷ್ಯನ್ ಸಾಮ್ರಾಜ್ಯವೆಂದು ಸಾರಿದನು. ಕ್ರಮೇಣ ಹೊರಗಿನವರ ಬಾಯಲ್ಲಿಯೂ ಆ ಜನ ರಷ್ಯನ್ನರಾದರು. ಇಂಗ್ಲಿಷಿನಲ್ಲಿ ‘ಮಸ್ಕೊವೈಟ್’ ಎಂಬುದು ಇಂದು ಮಾಸ್ಕೋ ನಗರವಾಸಿಗೆ ಮಾತ್ರ ಸಲ್ಲುವ ಮಾತು. ಆದರೆ ಕಲ್ಲಿಗೆ ಚಕ್ರವರ್ತಿಯಿಲ್ಲ. ಪೀಟರನ ಘೋಷಣೆಯಾಗಿ ೧೨೯ ವರ್ಷಗಳಾದ ಮೇಲೆ, ೧೮೫೦ರಲ್ಲಿ, ಅಮೆರಿಕದ ಖನಿಜಶಾಸ್ತ್ರಜ್ಞ ಜೇಮ್ಸ್ ಡ್ವೈಟ್ ಡಾನಾ ಹಳೆಯ ‘ಮಸ್ಕೊವಿ ಗಾಜಿ’ನಿಂದ ‘ಮಸ್ಕೊವೈಟ್’ ಎಂಬ ಪದವನ್ನು ರೂಪಿಸಿ ಶಾಸ್ತ್ರಗ್ರಂಥದಲ್ಲಿ ನಿಲ್ಲಿಸಿದನು. ಅಲ್ಲಿಂದ ಅದು ಎಲ್ಲ ಭಾಷೆಗಳಿಗೂ ಹೋಯಿತು. ರಷ್ಯದ ಭೂಗರ್ಭಶಾಸ್ತ್ರಜ್ಞರೂ ಅಭ್ರಕವನ್ನು ಸಾಮಾನ್ಯವಾಗಿ ಸ್ಲ್ಯೂದಾ ಎಂದರೂ ಈ ಜಾತಿಯನ್ನು ‘ಮುಸ್ಕೊವಿತ್’ ಎಂದೇ ಬರೆಯುತ್ತಾರೆ. ಪರರು ಇಟ್ಟ ಹೆಸರು ಸಮುದ್ರ ದಾಟಿ, ಶಾಸ್ತ್ರದ ಉಡುಪು ತೊಟ್ಟು ಹುಟ್ಟಿದ ಮನೆಗೇ ಮರಳಿ ಬಂದಂತಾಯಿತು.

ನಮ್ಮ ದೇಶದ ಮಾತಿಗೆ ಬಂದರೆ, ಇಪ್ಪತ್ತನೆಯ ಶತಮಾನದ ಬಹುಭಾಗ ಜಗತ್ತಿಗೆ ಹಾಳೆ ಅಭ್ರಕವನ್ನು ಒದಗಿಸುವುದರಲ್ಲಿ ಭಾರತವೇ ಮುಂದಿತ್ತು. ಇಂದಿನ ಜಾರ್ಖಂಡದ ಕೊಡರ್ಮಾ, ಆಂಧ್ರದ ನೆಲ್ಲೂರು ಸೀಮೆಗಳ ಕೂಲಿಕಾರರು ಅದನ್ನು ಅಗೆದು ಕೈಯಿಂದಲೇ ಹಾಳೆ ಹಾಳೆಯಾಗಿ ಸೀಳಿದರು. ರೇಡಿಯೋ ಮೊದಲಾದ ಯಂತ್ರಗಳೊಳಗೆ ಆ ಹಾಳೆಗಳು ಹೋದುವು. ಈಗಲೂ ಜಾರ್ಖಂಡದ ಬಡ ಮನೆಗಳ ಮಕ್ಕಳು ಶಾಲೆ ಬಿಟ್ಟು ಅಭ್ರಕದ ಚೂರು ಆರಿಸುವ ಸುದ್ದಿಯನ್ನು ಓದುತ್ತೇವೆ. ಆ ಚೂರುಗಳ ಹೊಳಪು ಮುಖಕ್ಕೆ ಹಚ್ಚುವ ಬಣ್ಣದಲ್ಲಿಯೂ ಮೋಟಾರುಗಾಡಿಯ ಬಣ್ಣದಲ್ಲಿಯೂ ಮಿಂಚುತ್ತದೆ. ಕೇರೆತಿನ ಕೆಲಸಗಾರನ ಹೆಸರಿನಂತೆ ಕೊಡರ್ಮಾದ ಮಗುವಿನ ಹೆಸರೂ ಆ ಕಲ್ಲಿನ ಮೇಲೆ ಇಲ್ಲ.

ಈ ವಿಷಯ ನನ್ನ ಮನಸ್ಸನ್ನು ಹಿಡಿದುದಕ್ಕೆ ಒಂದು ಕಾರಣವುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ಅವ್ವನಿಗೆ ಈ ವಸ್ತು ಕಾಗೆಬಂಗಾರ. ಚಿನ್ನವಲ್ಲದೆ ಚಿನ್ನದಂತೆ ಹೊಳೆಯುವುದಕ್ಕೆ ಹಳ್ಳಿಯ ಜಾಣತನ ಕೊಟ್ಟ ಹೆಸರು. ಶಾಲೆಯಲ್ಲಿ ಅದು ಅಭ್ರಕವಾಯಿತು; ಸಂಸ್ಕೃತದಲ್ಲಿ ಅಭ್ರವೆಂದರೆ ಮೋಡ. ಕಾಲೇಜಿನ ಪುಸ್ತಕಾಲಯದಲ್ಲಿ ಅದು ಮಸ್ಕೊವೈಟ್ ಆಗಿದೆ. ಮೇಲಿನ ಮೆಟ್ಟಿಲಿಗೆ ಹೋದಂತೆಲ್ಲ ಕೆಳಗಿನ ಹೆಸರು ತಪ್ಪೆಂದು ಬಿಟ್ಟುಬಿಡುವುದು ನಮ್ಮಂಥವರ ಅಭ್ಯಾಸ. ನಮ್ಮ ಕೇರಿಯ ಜನರಿಗೂ ಪೇಟೆಯವರು ಇಟ್ಟ ಹೆಸರೊಂದಿದೆ. ನಾವು ನಮ್ಮನ್ನು ಎಂದೂ ಆ ಹೆಸರಿನಿಂದ ಕರೆದುಕೊಂಡವರಲ್ಲ. ಆದರೂ ಅರ್ಜಿ, ದಾಖಲೆಗಳಲ್ಲೆಲ್ಲ ಅದೇ ನಿಂತಿದೆ.

ಹಾಗೆಂದು ಶಾಸ್ತ್ರದ ಹೆಸರನ್ನು ಎಸೆಯಬೇಕೆಂದು ನಾನು ಹೇಳುವುದಿಲ್ಲ. ಮಸ್ಕೊವೈಟ್ ಎಂದರೆ ಕೊಡರ್ಮಾದ ವಿದ್ವಾಂಸನಿಗೂ ಕರೇಲಿಯಾದ ವಿದ್ವಾಂಸನಿಗೂ ಒಂದೇ ವಸ್ತು ಕಣ್ಣ ಮುಂದೆ ನಿಲ್ಲುತ್ತದೆ; ಕಾಗೆಬಂಗಾರ ಎಂಬ ಮಾತಿಗೆ ಆ ಶಕ್ತಿಯಿಲ್ಲ. ಆದರೆ ಒಂದು ಹೆಸರನ್ನು ಕಲಿಯುವಾಗ ಅದನ್ನು ಯಾರು ಇಟ್ಟರು, ಎಲ್ಲಿ ನಿಂತು ಇಟ್ಟರು, ಅದಕ್ಕೆ ಮುಂಚೆ ಅಲ್ಲಿನವರು ಏನೆನ್ನುತ್ತಿದ್ದರು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ವಿದ್ಯಾರ್ಥಿಯ ಕರ್ತವ್ಯವೆಂದು ನಾನು ತಿಳಿದಿದ್ದೇನೆ. ಟರ್ಬರ್‌ವಿಲ್ಲನು ಪರದೇಶಿಯಾಗಿದ್ದರೂ ‘ಸ್ಲ್ಯೂದಾ’ ಎಂದು ಕೇಳಿ ಬರೆದಿಟ್ಟುದರಿಂದಲೇ ಇಂದು ನಮಗೆ ಆ ಹೆಸರಿನ ಹಳೆಯ ಸಾಕ್ಷ್ಯವೊಂದು ದೊರೆತಿದೆ. ನಮ್ಮ ನಮ್ಮ ಊರುಗಳಲ್ಲಿ ಕಲ್ಲಿಗೆ, ಗಿಡಕ್ಕೆ, ಹೊಲಕ್ಕೆ, ಜನಕ್ಕೆ ಹಿರಿಯರು ಹೇಳುವ ಹೆಸರುಗಳು ಇನ್ನೂ ಇವೆ. ಬೇಸಗೆಯ ರಜೆಯಲ್ಲಿ ಮನೆಗೆ ಹೋಗುವ ಸಹಪಾಠಿಗಳು ಅವುಗಳಲ್ಲಿ ಹತ್ತನ್ನಾದರೂ ಬರೆದುಕೊಂಡು ಬಂದರೆ, ಮುಂದಿನ ವರ್ಷದ ಈ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಲೇಖನ ಬೇಕಾಗಲಾರದು.