ಗ್ಲೋಬ್ ನಾಟಕಮಂದಿರ

ಲಂಡನ್ ನಗರದ ನಡುವೆ ಹರಿಯುವ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ಕಲ್ಲು, ಉಕ್ಕು, ಗಾಜುಗಳಿಂದ ಕಟ್ಟಿದ ಸೌಧಗಳ ಸಾಲಿನಲ್ಲಿ, ದುಂಡಗಿನ ಮರದ ಕಟ್ಟಡವೊಂದು ನಿಂತಿದೆ. ಅದರ ಗೋಡೆಗಳಿಗೆ ಸುಣ್ಣದ ಗಾರೆ. ಮಾಡಿಗೆ ಜೊಂಡುಹುಲ್ಲಿನ ಹೊದಿಕೆ. 1666ರಲ್ಲಿ ಲಂಡನ್ನನ್ನು ಸುಟ್ಟ ಮಹಾಬೆಂಕಿಯ ಅನಂತರ ಆ ನಗರದಲ್ಲಿ ಹುಲ್ಲಿನ ಮಾಡಿಗೆ ಅನುಮತಿ ದೊರೆತದ್ದು ಮೊದಲು ಈ ಕಟ್ಟಡಕ್ಕೇ. ಜಗದ್ವಿಖ್ಯಾತ ನಾಟಕಕಾರನಾದ ಶೇಕ್ಸ್‌ಪಿಯರನು ಪಾಲುದಾರನಾಗಿದ್ದ ಗ್ಲೋಬ್ ನಾಟಕಮಂದಿರದ ಪ್ರತಿರೂಪವಿದು.

ಮೂಲ ಗ್ಲೋಬ್ ಹುಟ್ಟಿದ್ದು ಒಂದು ಭೂವಿವಾದದಿಂದ. 1576ರಲ್ಲಿ ಜೇಮ್ಸ್ ಬರ್ಬೇಜ್ ಎಂಬ ನಟನು ಲಂಡನ್ನಿನ ಉತ್ತರಕ್ಕಿದ್ದ ಶೋರ್‌ಡಿಚ್ ಎಂಬಲ್ಲಿ 21 ವರ್ಷಗಳ ಗುತ್ತಿಗೆಗೆ ನಿವೇಶನವನ್ನು ಪಡೆದು ‘ದಿ ಥಿಯೇಟರ್’ ಎಂಬ ನಾಟಕಶಾಲೆಯನ್ನು ಕಟ್ಟಿಸಿದನು. ಗುತ್ತಿಗೆಯ ಅವಧಿ ಮುಗಿಯುತ್ತ ಬಂದಾಗ ಭೂಮಾಲಿಕನಾದ ಜೈಲ್ಸ್ ಆಲನ್ನನೊಡನೆ ಒಪ್ಪಂದ ಕುದುರಲಿಲ್ಲ. ಬರ್ಬೇಜನು ಮುಂಜಾಗ್ರತೆಯಿಂದ 1596ರಲ್ಲಿಯೇ ಬ್ಲ್ಯಾಕ್‌ಫ್ರಯರ್ಸ್ ಎಂಬಲ್ಲಿ ಬಹಳ ಹಣ ಸುರಿದು ಇನ್ನೊಂದು ರಂಗಮಂದಿರವನ್ನು ಸಿದ್ಧಪಡಿಸಿದ್ದನು. ಆದರೆ ಆ ಬೀದಿಯ ಪ್ರತಿಷ್ಠಿತ ನಿವಾಸಿಗಳು ನಾಟಕದ ಗದ್ದಲ ಬೇಡವೆಂದು ಅರ್ಜಿ ಸಲ್ಲಿಸಿ ಅದನ್ನು ತಡೆದರು. ಮರುವರ್ಷ ಬರ್ಬೇಜ್ ತೀರಿಕೊಂಡನು. ಅವನ ಮಕ್ಕಳಾದ ಕತ್ಬರ್ಟ್ ಮತ್ತು ರಿಚರ್ಡರ ಪಾಲಿಗೆ ಉಳಿದದ್ದು ಬಳಸಲಾಗದ ಒಂದು ರಂಗಮಂದಿರ, ಕೈತಪ್ಪಿದ ನೆಲದ ಮೇಲೆ ನಿಂತ ಇನ್ನೊಂದು ರಂಗಮಂದಿರ.

ನೆಲ ಆಲನ್ನನದು, ದಿಟ; ಮರಮುಟ್ಟು ಮಾತ್ರ ತಮ್ಮದೆಂದು ಸಹೋದರರು ನಿಶ್ಚಯಿಸಿದರು. 1598ರ ಡಿಸೆಂಬರ್ 28ರಂದು, ಕ್ರಿಸ್‌ಮಸ್ ಕಳೆದ ಮೂರನೆಯ ದಿನ, ಪೀಟರ್ ಸ್ಟ್ರೀಟ್ ಎಂಬ ಬಡಗಿಯೊಡನೆ ಕೆಲಸಗಾರರ ತಂಡ ಬಂದು ನಾಟಕಶಾಲೆಯನ್ನು ಬಿಚ್ಚತೊಡಗಿತು. ಆಲನ್ ಆಗ ಊರಿನಲ್ಲಿರಲಿಲ್ಲ. ತೊಲೆ, ಕಂಬಗಳನ್ನು ಹೊತ್ತು ನದಿ ದಾಟಿಸಿ ಸದರ್ಕ್ ಎಂಬ ಬಡಾವಣೆಗೆ ಸಾಗಿಸಿದರು. ನಾಟಕವೆಂದರೆ ಮುಖ ಸಿಂಡರಿಸುತ್ತಿದ್ದ ನಗರಾಧಿಕಾರಿಗಳ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ. ಆಲನ್ ನ್ಯಾಯಾಲಯಕ್ಕೆ ಹೋದನಾದರೂ ಮರ ಹಿಂದಿರುಗಲಿಲ್ಲ. 1599ರಲ್ಲಿ ಅದೇ ಮರದಿಂದ ಗ್ಲೋಬ್ ಎದ್ದು ನಿಂತಿತು. ಬರ್ಬೇಜರ ಕೈ ಬರಿದಾಗಿದ್ದುದರಿಂದ ಒಡೆತನದ ಅರ್ಧವನ್ನು ತಾವಿಟ್ಟುಕೊಂಡು ಉಳಿದರ್ಧವನ್ನು ಐವರು ನಟರಿಗೆ ಹಂಚಿದರು. ಆ ಐವರಲ್ಲಿ ಶೇಕ್ಸ್‌ಪಿಯರನೂ ಒಬ್ಬ. ಅವನ ಐಶ್ವರ್ಯಕ್ಕೆ ಬರವಣಿಗೆಗಿಂತ ಈ ಪಾಲುಗಾರಿಕೆಯೇ ಹೆಚ್ಚಿನ ಕಾರಣವೆನ್ನಬಹುದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ಪ್ರವಾಸಿ ಥಾಮಸ್ ಪ್ಲಾಟರನು ನದಿಯಾಚೆಯ ಹುಲ್ಲುಮಾಡಿನ ಮನೆಯಲ್ಲಿ ಜೂಲಿಯಸ್ ಸೀಸರನ ನಾಟಕವನ್ನು ನೋಡಿದುದಾಗಿ ಬರೆದಿಟ್ಟಿದ್ದಾನೆ.

ಒಂದು ಪೆನ್ನಿ ಕೊಟ್ಟವರು ತೆರೆದ ಅಂಗಳದಲ್ಲಿ ನಿಂತು ನೋಡಬೇಕು. ಹೆಚ್ಚು ಕೊಟ್ಟವರಿಗೆ ಸುತ್ತಲಿನ ಮೂರು ಅಂತಸ್ತುಗಳ ಮೊಗಸಾಲೆಯಲ್ಲಿ ಆಸನ. ನಮ್ಮ ನಾಟಕ ಕಂಪನಿಗಳ ಡೇರೆಗಳಲ್ಲಿ ‘ನೆಲ’ದ ದರ್ಜೆಯವರು ಕುಳಿತಾದರೂ ನೋಡುತ್ತಿದ್ದರು, ಗ್ಲೋಬಿನ ಬಡ ಪ್ರೇಕ್ಷಕನಿಗೆ ಆ ಭಾಗ್ಯವಿರಲಿಲ್ಲ. ಆಟ ನಡೆಯುತ್ತಿದ್ದುದು ಹಗಲಿನಲ್ಲಿ, ಸೂರ್ಯನ ಬೆಳಕಿನಲ್ಲಿ. ಸ್ತ್ರೀಪಾತ್ರಗಳನ್ನು ಹುಡುಗರೇ ವಹಿಸುತ್ತಿದ್ದರು. ಪ್ಲೇಗಿನ ಹಾವಳಿ ಹೆಚ್ಚಿದಾಗಲೆಲ್ಲ ಬಾಗಿಲು ಮುಚ್ಚಬೇಕಾಗುತ್ತಿತ್ತು.

1613ರ ಜೂನ್ 29ರಂದು ಎಂಟನೆಯ ಹೆನ್ರಿಯ ಚರಿತ್ರೆಯನ್ನು ಆಡುತ್ತಿದ್ದಾಗ, ಅರಸನ ಆಗಮನವನ್ನು ಸಾರಲು ಸಣ್ಣ ಫಿರಂಗಿಯನ್ನು ಹಾರಿಸಿದರು. ಅದರ ಕಿಡಿ ಹುಲ್ಲಿನ ಮಾಡಿಗೆ ತಗುಲಿತು. ಆಟದಲ್ಲಿ ಮೈಮರೆತಿದ್ದ ಜನ ಮೊದಲು ಹೊಗೆಯನ್ನು ಲಕ್ಷಿಸಲೇ ಇಲ್ಲ. ನೋಡನೋಡುತ್ತಿದ್ದಂತೆ ಶೋರ್‌ಡಿಚ್ಚಿನಿಂದ ಹೊತ್ತು ತಂದ ಮರವೆಲ್ಲ ಬೂದಿಯಾಯಿತು. ಯಾರೂ ಸಾಯಲಿಲ್ಲ. ಒಬ್ಬನ ಷರಾಯಿಗೆ ಹತ್ತಿದ ಬೆಂಕಿಯನ್ನು ಸೀಸೆಯ ಮದ್ಯ ಸುರಿದು ಆರಿಸಿದರಂತೆ! ಮರುವರ್ಷವೇ ಹೆಂಚಿನ ಮಾಡಿನ ಎರಡನೆಯ ಗ್ಲೋಬ್ ಸಿದ್ಧವಾಯಿತು. 1642ರಲ್ಲಿ ಅಂತರ್ಯುದ್ಧ ಆರಂಭವಾದಾಗ ಪಾರ್ಲಿಮೆಂಟು ನಾಟಕಗಳನ್ನು ನಿಷೇಧಿಸಿತು. ಕೆಲವು ವರ್ಷಗಳಲ್ಲಿ ಆ ಕಟ್ಟಡವೂ ನೆಲಸಮವಾಯಿತು.

ಮೂರು ಶತಮಾನಗಳು ಉರುಳಿದವು. 1949ರಲ್ಲಿ ಅಮೆರಿಕದ ನಟ ಸ್ಯಾಮ್ ವಾನಾಮೇಕರ್ ಗ್ಲೋಬಿನ ಕುರುಹನ್ನು ಹುಡುಕುತ್ತ ಸದರ್ಕಿಗೆ ಬಂದಾಗ, ಬಿಯರ್ ತಯಾರಿಸುವ ಕಾರ್ಖಾನೆಯೊಂದರ ಗೋಡೆಯ ಮೇಲೆ ಮಸಿ ಹಿಡಿದ ಲೋಹದ ಫಲಕವೊಂದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಆ ಅಭಾವ ಅವರನ್ನು ಕಾಡಿತು. 1970ರಲ್ಲಿ ಅವರು ಗ್ಲೋಬಿನ ಪುನರ್ನಿರ್ಮಾಣಕ್ಕಾಗಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಹಣದ ಕೊರತೆ, ಪಂಡಿತರ ಸಂದೇಹ, ಸ್ಥಳೀಯ ಆಡಳಿತದೊಡನೆ ವ್ಯಾಜ್ಯ ಇವುಗಳಲ್ಲಿಯೇ ವರ್ಷಗಳು ಸವೆದವು. ಒಂದು ನಾಟಕಮಂದಿರಕ್ಕಾಗಿ ನಾಡಿನ ಮಕ್ಕಳಿಗಿಂತ ಹೆಚ್ಚು ಶ್ರಮಿಸಿದವರು ಪರದೇಶದವರೆಂಬುದು ಗಮನಾರ್ಹ. 1989ರಲ್ಲಿ ಮೂಲ ಗ್ಲೋಬಿನ ಅಡಿಪಾಯದ ಒಂದು ತುಣುಕು ಪತ್ತೆಯಾಗಿ, ವಿನ್ಯಾಸಕ್ಕೆ ಹೊಸ ಆಧಾರ ಸಿಕ್ಕಿತು. ವಾಸ್ತುಶಿಲ್ಪಿ ಥಿಯೋ ಕ್ರಾಸ್ಬಿಯವರ ಯೋಜನೆಯಂತೆ ಓಕ್ ಮರದ ಚೌಕಟ್ಟನ್ನು ಮರದ ಗೂಟಗಳಿಂದಲೇ ಬಿಗಿದು, 20 ಪಾರ್ಶ್ವಗಳ ಕಟ್ಟಡವನ್ನು ಎಬ್ಬಿಸಲಾಯಿತು. 1993ರ ಡಿಸೆಂಬರಿನಲ್ಲಿ ವಾನಾಮೇಕರ್ ನಿಧನರಾದರು. 1997ರಲ್ಲಿ ಮಂದಿರ ವಿಧ್ಯುಕ್ತವಾಗಿ ತೆರೆದಾಗ ಅದನ್ನು ನೋಡಲು ಅವರಿರಲಿಲ್ಲ.

ಇಂದು ಅಲ್ಲಿಗೆ ಹೋಗುವವರು ಮಾರ್ಗದರ್ಶಕರೊಡನೆ ಒಳಗನ್ನು ಸುತ್ತಿ ನೋಡಬಹುದು. ಆದರೆ ಬೇಸಗೆಯ ತಿಂಗಳುಗಳಲ್ಲಿ ಆಟವೊಂದನ್ನು ನೋಡುವುದೇ ಮೇಲು. ಅಂಗಳದಲ್ಲಿ ಸುಮಾರು 700 ಜನ ನಿಲ್ಲಬಹುದು. ಅದರ ಟಿಕೆಟ್ಟಿನ ಬೆಲೆ ಇಂದಿಗೂ ಎಲ್ಲಕ್ಕಿಂತ ಕಡಿಮೆ. ಅಲ್ಲಿ ಕುಳಿತುಕೊಳ್ಳುವಂತಿಲ್ಲ, ಮಳೆ ಬಂದರೂ ಕೊಡೆ ಬಿಡಿಸುವಂತಿಲ್ಲ, ಆಟವೂ ನಿಲ್ಲುವುದಿಲ್ಲ. ರಂಗದ ಮೇಲಿನ ಚಾವಣಿಯಲ್ಲಿ ಆಕಾಶವನ್ನೂ ರಾಶಿಚಕ್ರವನ್ನೂ ಚಿತ್ರಿಸಿದ್ದಾರೆ. ಅಮೃತಶಿಲೆಯೆಂದು ಭ್ರಮೆ ಹುಟ್ಟಿಸುವ ಎರಡು ಮರದ ಕಂಬಗಳು ಅದನ್ನು ಹೊತ್ತಿವೆ. ರಂಗದಂಚಿಗೆ ಒರಗಿ ನಿಂತವನಿಗೆ ನಟನ ಉಸಿರೂ ಕೇಳಿಸುತ್ತದೆ. ಹುಲ್ಲಿನ ನಡುವೆ ನೀರು ಚಿಮ್ಮುವ ಕೊಳವೆಗಳನ್ನು ಅಡಗಿಸಿರುವುದು 1613 ಕಲಿಸಿದ ಎಚ್ಚರಿಕೆ. 2012ರಲ್ಲಿ ಇಲ್ಲಿ ಶೇಕ್ಸ್‌ಪಿಯರನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಲಾಯಿತು. ಹಿಂದಿ, ಗುಜರಾತಿಗಳೂ ಅವುಗಳಲ್ಲಿ ಸೇರಿದ್ದವು. ಶೇಕ್ಸ್‌ಪಿಯರನ ಒಥೆಲೊವನ್ನು ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯಾಗಿಸಿ ನೂರು ವರ್ಷಗಳಿಗೂ ಮೇಲಾದ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 2020ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಬಾಗಿಲು ಮತ್ತೆ ಮುಚ್ಚಿತು. ಸರಕಾರದ ನಿಯತ ಅನುದಾನವಿಲ್ಲದ ಸಂಸ್ಥೆ ಉಳಿಯುವುದೇ ಎಂಬ ಭೀತಿ ಹುಟ್ಟಿತ್ತು. 2021ರಲ್ಲಿ ಆಟಗಳು ಪುನಃ ಆರಂಭವಾದವು.

ಹೊಸ ಮಂದಿರದಿಂದ ಸುಮಾರು 230 ಮೀಟರು ನಡೆದರೆ ಪಾರ್ಕ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಮೂಲ ಗ್ಲೋಬಿನ ನಿವೇಶನ ಸಿಗುತ್ತದೆ. ಅಲ್ಲಿ ನೆಲದ ಕಲ್ಲುಹಾಸಿನಲ್ಲಿ ಗೋಡೆಯ ಬಾಗನ್ನು ಗುರುತಿಸಿದ್ದಾರೆ. ಅಡಿಪಾಯದ ಬಹುಭಾಗ ಸಂರಕ್ಷಿತವಾದ ಹಳೆಯ ಮನೆಸಾಲಿನ ಕೆಳಗಿದೆ. ಆ ಮನೆಗಳನ್ನು ಕೆಡವುವಂತಿಲ್ಲವಾದುದರಿಂದ ಅದನ್ನು ಇನ್ನೂ ಅಗೆದಿಲ್ಲ.