ನಗುನಗುತ್ತ ಹೇಳುವ ಮಾತು


*ದಿನದ ಧಮ್ಮ ಚಿಂತನೆ*



ಸಂಯುತ್ತ ನಿಕಾಯದಲ್ಲಿ ತಾಲಪುಟನೆಂಬ ನಟರ ಮುಖಂಡ ಬರುತ್ತಾನೆ. ರಂಗದ ಮೇಲೆ ಜನರನ್ನು ನಗಿಸಿ ರಂಜಿಸಿದ ನಟ ಸತ್ತ ಮೇಲೆ ನಗುವ ದೇವತೆಗಳ ಲೋಕ ಸೇರುತ್ತಾನೆಂದು ಅವನ ಗುರುಗಳು ಹೇಳಿಕೊಟ್ಟಿದ್ದರು. ಇದು ನಿಜವೇ ಎಂದು ಬುದ್ಧರನ್ನು ಕೇಳಿದ. ಕೇಳಬೇಡವೆಂದು ಅವರು ಎರಡು ಸಲ ತಡೆದರು. ಮೂರನೆಯ ಸಲಕ್ಕೆ ವಿವರಿಸಿದರು: ನೋಡುವವರ ಮನಸ್ಸು ಮೊದಲೇ ರಾಗ, ದ್ವೇಷ, ಮೋಹಗಳಲ್ಲಿ ಸಿಕ್ಕಿರುತ್ತದೆ. ನಟ ಅವನ್ನೇ ಇನ್ನಷ್ಟು ಕೆರಳಿಸಿದರೆ, ತಾನೂ ಮೈಮರೆತು ಅವರನ್ನೂ ಮೈಮರೆಸಿದರೆ, ಅದು ದುರ್ಗತಿಗೇ ಒಯ್ಯುತ್ತದೆ. ತಾಲಪುಟ ಅತ್ತ. ಬುದ್ಧರ ಮಾತಿಗಲ್ಲ, ಇಷ್ಟು ಕಾಲ ಗುರುಗಳಿಂದ ಮೋಸಹೋದೆನಲ್ಲ ಎಂದು ಅತ್ತ. ಮುಂದೆ ಭಿಕ್ಖುವಾದ. ಅವನ ಗಾಥೆಗಳು ಥೇರಗಾಥೆಯಲ್ಲಿವೆ.

ಈ ಸುತ್ತ ನನಗೆ ನಿಜವಾಗಿ ಅರ್ಥವಾದದ್ದು ಕಳೆದ ವಾರ, ನಾಟಕದ ತಾಲೀಮಿನಲ್ಲಿ.

ಏಪ್ರಿಲ್ 14ಕ್ಕೆಂದು ಮುಂಬಯಿಯ ಬಟ್ಟೆ ಮಿಲ್ಲಿನ ಮೇಲೆ ಚಿಕ್ಕ ನಾಟಕ ಬರೆದಿದ್ದೆ. ಆಗಿನ ಮಗ್ಗಗಳಲ್ಲಿ ಹೊಸ ನೂಲಿನ ಎಳೆಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಎಳೆಯಬೇಕಿತ್ತು. ಎಂಜಲು ತಾಗಿ ಮೈಲಿಗೆಯಾಗುತ್ತದೆಂದು ಅಸ್ಪೃಶ್ಯರನ್ನು ನೇಯ್ಗೆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ಹೆಚ್ಚು ಕೂಲಿ ಇದ್ದದ್ದು ಅಲ್ಲಿ. ನಮ್ಮವರಿಗೆ ಸಿಕ್ಕಿದ್ದು ಕಡಿಮೆ ಕೂಲಿಯ ನೂಲುವ ವಿಭಾಗ. ಅಡ್ಡ ನಿಂತವರಲ್ಲಿ ಜೊತೆಯ ಕಾರ್ಮಿಕರೂ ಇದ್ದರು. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಮುಷ್ಕರದ ನಾಯಕರ ಮುಂದಿಟ್ಟರು. ಜಾತಿ ವಿಂಗಡಿಸುವುದು ದುಡಿಯುವವರನ್ನೇ ಎಂದು 1936ರ ‘ಜಾತಿ ವಿನಾಶ’ದಲ್ಲಿ ಬಿಡಿಸಿ ಹೇಳಿದರು.

ನೇಕಾರನ ಪಾತ್ರಕ್ಕೆ ನಾನು ಬರೆದದ್ದು ಬರೀ ಕೂಗಾಟ, ಬೈಗುಳ. ಹುಡುಗ ಮೀಸೆ ತಿರುವಿ ಅಬ್ಬರಿಸಿದ. ಇಲ್ಲಿ ಚಪ್ಪಾಳೆ ಬೀಳುತ್ತದೆಂದು ನಾನು ಹಿಗ್ಗಿದೆ. ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಅಜ್ಜನ ಪಾತ್ರಕ್ಕೆ ಬಂದಿದ್ದರು. ಅವರು ಅಂದರು: “ಮೇಷ್ಟ್ರೇ, ನಮ್ಮನ್ನ ದೂರ ಇಟ್ಟೋರು ಯಾರೂ ಹಿಂಗೆ ಕಿರುಚ್ತಿರ್ಲಿಲ್ಲ. ನಗ್ತಾ ನಗ್ತಾನೇ ಹೇಳೋರು.”

ಹುಡುಗ ಮತ್ತೆ ಮಾಡಿದ. ಈ ಸಲ ಎದುರಿನವನ ಹೆಗಲ ಮೇಲೆ ಕೈಯಿಡಲು ಹೋಗಿ, ಹಿಂದೆಗೆದು, ಮೆಲ್ಲಗೆ ಅಂದ: “ನಿಂಗ್ಯಾಕಪ್ಪಾ ಇಲ್ಲಿನ ತಾಪತ್ರಯ? ಆ ಕೆಲಸ ನಿನ್ನ ಕೈಗೆ ಚೆನ್ನಾಗಿ ಕೂತಿದೆ.”

ನನ್ನ ಎದೆ ಧಸಕ್ಕೆಂದಿತು. ಈ ಮಾತನ್ನು ಎಲ್ಲೋ ಕೇಳಿದ್ದೆ. ಅದೇ ಸಂಜೆ, ನನ್ನ ಬಾಯಿಂದಲೇ! ತಾಲೀಮಿಗೆ ಮುಂಚೆ ದಿನವೂ ಭವನ ಗುಡಿಸುತ್ತಿದ್ದವಳು ಪೌರಕಾರ್ಮಿಕರ ಮನೆಯ ಹುಡುಗಿ. ಪಿಯುಸಿ ಓದುತ್ತಾಳೆ, ಮೇಳದಲ್ಲಿ ಹಾಡುತ್ತಾಳೆ. “ನೀನು ಗುಡಿಸಿದ್ರೇನೇ ಚೆನ್ನಾಗಿರುತ್ತಮ್ಮ” ಎಂದು ನಗುತ್ತ ಪೊರಕೆ ಕೊಟ್ಟವನು ನಾನು. ದೀಕ್ಷೆ ಪಡೆದವನು, 22 ಪ್ರತಿಜ್ಞೆಗಳು ಬಾಯಿಪಾಠ ಇರುವವನು. ನಮ್ಮ ಕೇರಿ ಕೇರಿಗಳ ನಡುವಿನ ಮೇಲು ಕೀಳು ನನ್ನೊಳಗೆ ಹಾಗೇ ಕೂತಿತ್ತು.

ಆಗ ತಾಲಪುಟ ನೆನಪಾದ. ನಾನು ಬರೆದ ಖಳನಾಯಕ ನೋಡುವವರಲ್ಲಿ ದ್ವೇಷ ಕೆರಳಿಸುತ್ತಿದ್ದ. ‘ನಾವು ಇಂಥವರಲ್ಲ’ ಎಂಬ ಮೋಹವನ್ನೂ ಕೊಟ್ಟು ಮನೆಗೆ ಕಳಿಸುತ್ತಿದ್ದ. ಆ ಮೋಹಕ್ಕೆ ಮೊದಲು ಬಿದ್ದವನು ಬರೆದ ನಾನೇ. ಅನ್ಯಾಯ ಕಂಡಾಗ ಸಿಟ್ಟು ಬರಬಾರದು ಎನ್ನುತ್ತಿಲ್ಲ. ಆ ಸಿಟ್ಟು ನಮ್ಮನ್ನೇ ನಾವು ನೋಡಿಕೊಳ್ಳದಂತೆ ಕಣ್ಣು ಕಟ್ಟಬಾರದು, ಅಷ್ಟೆ.

ಮರುದಿನ ಅವಳ ಮುಂದೆ ತಪ್ಪೊಪ್ಪಿಕೊಂಡೆ. ಅವಳು ನಗಲಿಲ್ಲ. “ಸರಿ ಸರ್. ಇವತ್ತು ಯಾರು ಗುಡಿಸ್ತಾರೆ?” ಎಂದಳು. ಪೊರಕೆ ತೆಗೆದುಕೊಂಡೆ. ಈಗ ಎಲ್ಲರಿಗೂ ಸರದಿ ಇದೆ. ನೇಕಾರನ ಮಾತನ್ನೂ ತಿದ್ದಿದ್ದೇನೆ.

*ಇಂದಿನ ಅಭ್ಯಾಸ:* ಸಮ್ಮಾವಾಚಾ ಎಂದರೆ ಬೈಯದಿರುವುದಷ್ಟೇ ಅಲ್ಲ. ನಿಮ್ಮ ಕಚೇರಿ, ಶಾಲೆ, ಸಂಘ, ಮನೆಯಲ್ಲಿ ಯಾವ ಕೆಲಸ ಯಾವಾಗಲೂ ಒಬ್ಬರ ಕೈಗೇ ಹೋಗುತ್ತದೆ? ಆಗ ನಾವಾಡುವ ಮೆದು ಮಾತು ಯಾವುದು? ಇವತ್ತು ಅಂಥ ಒಂದು ಮಾತನ್ನು ಗುರುತಿಸಿ ಬರೆದಿಟ್ಟುಕೊಳ್ಳಿ. ಗುಂಪಿನಲ್ಲಿ ಹಾಕಬೇಕಿಲ್ಲ. ನಾಳೆ ಆ ಕೆಲಸವನ್ನು ನೀವೇ ಮಾಡಿ ನೋಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏