ಬಿಳುಪಿನ ಟ್ಯೂಬು ಮತ್ತು ಇತರ ಪಾಠಗಳು

ಏಕಸಂಬಿಯಿಂದ ದೂಧಗಂಗೆ ದಾಟಿದರೆ ಮಹಾರಾಷ್ಟ್ರ. ನನ್ನ ಪಾರ್ಲರ್‌ಗೆ ಎರಡೂ ದಂಡೆಯವರು ಬರುತ್ತಾರೆ. ಕಬ್ಬಿನ ಹೊಲಕ್ಕೆ ಹೋಗುವವರು, ಸೊಸೈಟಿಯಲ್ಲಿ ಕೂತು ಲೆಕ್ಕ ಬರೆಯುವವರು, ಚಿಕ್ಕೋಡಿ, ನಿಪ್ಪಾಣಿಯ ಕಾಲೇಜಿಗೆ ಬಸ್ಸು ಹಿಡಿಯುವ ಹುಡುಗಿಯರು. ಕೆಲಸ ಬೇರೆ ಬೇರೆಯಾದರೂ ಮುಖ ಕೆಡಿಸಿಕೊಳ್ಳುವ ದಾರಿಗಳು ಬಹುಮಟ್ಟಿಗೆ ಒಂದೇ. ಬಿಸಿಲು, ಧೂಳಿಗಿಂತ ಹೆಚ್ಚಿನ ಹಾನಿಯನ್ನು ನಾವೇ ಕೈಯಾರೆ ಹಚ್ಚಿಕೊಂಡದ್ದು ಮಾಡಿರುವುದನ್ನು ನಾನು ಕಂಡಿದ್ದೇನೆ. ಈ ಪಾಠಗಳಲ್ಲಿ ‘ಹಚ್ಚಿ’ ಎನ್ನುವುದಕ್ಕಿಂತ ‘ಹಚ್ಚಬೇಡಿ’ ಎನ್ನುವುದೇ ಜಾಸ್ತಿ ಇರುವುದು ಅದಕ್ಕೇ.

1. ಲಗ್ನದ ಮುಖ ಮೂರು ದಿನದಲ್ಲಿ ಆಗುವುದಿಲ್ಲ

ತುಳಸಿ ಲಗ್ನ ಮುಗಿಯಿತೆಂದರೆ ನಮ್ಮ ಕಡೆ ಮದುವೆಗಳ ಸಾಲು ಶುರು. ‘ಅಕ್ಕಾರ, ನಾಡಿದ್ದ ಅರಿಶಿಣ ಐತಿ, ಮಾರಿ ಬೆಳ್ಳಗ ಆಗೂಹಂಗ ಏನರೆ ಮಾಡ್ರಿ’ ಎಂದು ತಾಯಿ ಮಗಳು ಕೂಡಿಯೇ ಬರುತ್ತಾರೆ. ಚರ್ಮದ ಮೇಲ್ಪದರ ತಳದಿಂದ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು. ಮೊಡವಿಯ ಕಪ್ಪು ಕಲೆ ತಿಳಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ನಿಶ್ಚಯ ಆದ ಕೂಡಲೇ ಬನ್ನಿ, ಕನಿಷ್ಠ ಎರಡು ತಿಂಗಳು ಕೈಯಲ್ಲಿರಲಿ.

ಅಷ್ಟು ದಿನ ಇಲ್ಲದಿದ್ದರೆ ಹೊಸದೇನನ್ನೂ ಮಾಡಿಸಬೇಡಿ. ಹಿಂದೆ ಎಂದೂ ಮಾಡಿಸದ ಫೇಶಿಯಲ್ಲನ್ನು ಲಗ್ನದ ವಾರದಲ್ಲಿ ಮಾಡಿಸಿಕೊಂಡರೆ ಅಕ್ಕಿಕಾಳಿನ ಹೊತ್ತಿಗೆ ಗಲ್ಲದ ಮೇಲೆ ಗುಳ್ಳೆ ಎದ್ದಿರಬಹುದು. ಥ್ರೆಡಿಂಗ್, ವ್ಯಾಕ್ಸಿಂಗ್ ಎರಡು ಮೂರು ದಿನ ಮೊದಲೇ ಮುಗಿದಿರಲಿ. ಬ್ಲೀಚ್ ಬಗ್ಗೆ ಒಂದು ಮಾತು: ಅದು ಚರ್ಮವನ್ನು ಬಿಳಿ ಮಾಡುವುದಿಲ್ಲ. ಅದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಮುಖದ ಸಣ್ಣ ಕೂದಲನ್ನು ಬಂಗಾರದ ಬಣ್ಣಕ್ಕೆ ತಿರುಗಿಸುತ್ತದೆ, ಅದರಿಂದ ಮುಖ ತಿಳಿಯಾದಂತೆ ಕಾಣುತ್ತದೆ ಅಷ್ಟೆ. ಉರಿ ಎದ್ದರೆ ‘ಇನ್ನ ಐದ ಮಿನಿಟ ತಡ್ಕೋರಿ’ ಎನ್ನುವ ಪಾರ್ಲರ್‌ನಿಂದ ಎದ್ದು ಬನ್ನಿ.

2. ಟ್ಯೂಬಿನ ಹಿಂಬದಿ ಓದಿ

ಇದನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ, ಇಲ್ಲೂ ಉದ್ದವಾಗಿಯೇ ಹೇಳುತ್ತೇನೆ.

ಹುಡುಗಿ ಕುರ್ಚಿಯಲ್ಲಿ ಕೂರುತ್ತಾಳೆ. ಗಲ್ಲ ಕೆಂಪಗೆ ಹೊಳೆಯುತ್ತಿರುತ್ತದೆ. ದೀಪ ಹತ್ತಿರ ತಂದರೆ ಮೂಗಿನ ಪಕ್ಕ ಕೆಂಪು ನೂಲಿನಂಥ ಸಣ್ಣ ರಕ್ತನಾಳಗಳು ಕಾಣುತ್ತವೆ. ಗಲ್ಲದಂಚಿನಲ್ಲಿ ಮೊದಲಿರದ ನವಿರಾದ ಕೂದಲು, ಗದ್ದದ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು. ಬರೀ ನೀರು ಮುಟ್ಟಿಸಿದರೂ ಉರಿ ಎನ್ನುತ್ತಾಳೆ. ‘ಯಾವ ಕ್ರೀಮ್ ಹಚ್ಚಾಕತ್ತೀದಿ?’ ಎಂದರೆ ಉತ್ತರ ಸಾಮಾನ್ಯವಾಗಿ ಒಂದೇ: ‘ಮೆಡಿಕಲ್‌ನಾಗಿಂದ್ರಿ. ನಮ್ಮ ವೈನಿ ಹೇಳಿದ್ರು. ಮೊದಲ ಬೆಳ್ಳಗ ಆಗಿತ್ತು, ಬಿಟ್ಟ ಕೂಡ್ಲೆ ಹಿಂಗ ಆತು.’

ನಾಳೆ ಬರುವಾಗ ಆ ಟ್ಯೂಬು ತಾ ಎನ್ನುತ್ತೇನೆ. ತಂದರೆ ಒಟ್ಟಿಗೆ ಕೂತು ಓದುತ್ತೇವೆ. ಪಟ್ಟಿಯಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲೂಸಿನೋಲೋನ್ ಇವುಗಳಲ್ಲಿ ಒಂದು ಹೆಸರಿದ್ದರೂ ಅದು ಸ್ಟಿರಾಯ್ಡ್. ಬಂಗು, ಅಂದರೆ ಗಲ್ಲದ ಮೇಲಿನ ಕಪ್ಪು ಕಲೆಗೆಂದು ಮಾರುವ ಕೆಲವು ಕ್ರೀಮುಗಳಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆಗೆ ಸ್ಟಿರಾಯ್ಡ್ ಸೇರಿರುತ್ತದೆ. ಚರ್ಮದ ವೈದ್ಯರು ಇದನ್ನು ಕೆಲವು ವಾರಕ್ಕೆಂದು ಕೊಟ್ಟು, ಕಣ್ಣಿಟ್ಟು ನೋಡಿ, ನಿಲ್ಲಿಸುತ್ತಾರೆ. ಅದನ್ನೇ ನಾವು ಸ್ನೋ, ಪೌಡರಿನಂತೆ ವರ್ಷಗಟ್ಟಲೆ ಬಳಿದುಕೊಂಡರೆ ಚರ್ಮ ತೆಳುವಾಗುತ್ತದೆ, ಮೊಡವಿ ಏಳುತ್ತವೆ, ಕೂದಲು ಬರುತ್ತದೆ. ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ. ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಹೀಗೆ ಟ್ಯೂಬಿನ ಗುಲಾಮರಾದವರಲ್ಲಿ ಹದಿನೆಂಟು ತುಂಬದ ಹುಡುಗಿಯರೂ ಇದ್ದಾರೆ, ಅದನ್ನು ನೋಡಿದರೆ ನನ್ನ ಕರುಳು ಚುರ್ ಎನ್ನುತ್ತದೆ.

ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಕೇಂದ್ರ ಸರಕಾರ 2018ರಲ್ಲಿ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿ ಬೇಡುವ ಔಷಧ ಎಂದು ತಿಳಿಯಿರಿ. ಇಂಗ್ಲಿಷ್ ಓದಲು ಬರದ ತಾಯಂದಿರಿಗೂ ಕೆಂಪು ಗೆರೆ ಕಾಣುತ್ತದೆ.

ತಿಂಗಳುಗಟ್ಟಲೆ ಹಚ್ಚಿದ್ದರೆ ನೇರ ಚರ್ಮದ ವೈದ್ಯರ ಹತ್ತಿರ ಹೋಗಿ. ಹೇಗೆ ಬಿಡಿಸಬೇಕೆಂದು ಅವರೇ ಹೇಳಬೇಕು. ಅಂಥ ಮುಖಕ್ಕೆ ನಾನು ಫೇಶಿಯಲ್, ಸ್ಕ್ರಬ್, ಬ್ಲೀಚ್ ಏನೂ ಮಾಡುವುದಿಲ್ಲ, ಎಷ್ಟು ಕೇಳಿದರೂ. ತಣ್ಣೀರು, ಸುವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್, ಬಿಸಿಲಿಗೆ ಮರೆ, ಇಷ್ಟೇ ಸಾಕು.

ಗಜಕರ್ಣಕ್ಕೂ ಇದೇ ಮಾತು. ಒದ್ದೆ ಸೀರೆ, ಬಿಗಿ ಜೀನ್ಸ್, ಬೆವರು ಇವುಗಳಿಂದ ಸೊಂಟ, ತೊಡೆಯ ಸಂದಿಯಲ್ಲಿ ಏಳುವ ತುರಿಕೆಗೆ ಮೂರು ಔಷಧ ಕೂಡಿಸಿದ ಟ್ಯೂಬು ತಂದು ಹಚ್ಚುತ್ತಾರೆ. ಸ್ಟಿರಾಯ್ಡ್ ಇರುವುದರಿಂದ ತುರಿಕೆ ಎರಡು ದಿನದಲ್ಲಿ ನಿಂತಂತೆ ಆಗುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಆಮೇಲೆ ಮನೆಮಂದಿಗೆಲ್ಲ ಅಂಟುತ್ತದೆ. ಟವೆಲ್ ಬೇರೆ ಇಡಿ, ಬಟ್ಟೆ ಬಿಸಿಲಲ್ಲಿ ಒಣಗಿಸಿ, ವೈದ್ಯರು ಹೇಳಿದಷ್ಟು ದಿನ ಔಷಧ ಪೂರ್ತಿ ಮಾಡಿ.

3. ತಯಾರಕರ ಹೆಸರಿಲ್ಲದ ಡಬ್ಬಿ ಮುಟ್ಟಲೇಬೇಡಿ

ಜಾತ್ರೆಯಲ್ಲಿ, ಮೊಬೈಲ್‌ನಲ್ಲಿ, ಪರದೇಶದಿಂದ ಬಂದವರ ಚೀಲದಲ್ಲಿ ಸಿಗುವ ‘ಏಳು ದಿನದಲ್ಲಿ ಬಿಳುಪು’ ಡಬ್ಬಿಗಳಲ್ಲಿ ಪಾದರಸ ಇರಬಹುದು. ಕೇರಳದ ಕೊಟ್ಟಕ್ಕಲ್‌ನಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ವೈದ್ಯರು ಪರಿಶೀಲಿಸಿದರು. ಆ ರೋಗಿಗಳಲ್ಲಿ ಅಪರೂಪದ ಒಂದು ಲಕ್ಷಣವಿದ್ದ 15 ಜನರ ಪೈಕಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಮುಟ್ಟುತ್ತದೆ ಎಂದರೆ ನಂಬದವರಿಗೆ ನಾನು ಈ ಸಂಗತಿ ಹೇಳುತ್ತೇನೆ.

4. ಬಿಸಿಲಿಗೆ ಮೊದಲು ಬಟ್ಟೆ, ಆಮೇಲೆ ಕ್ರೀಮು

ನಲವತ್ತರ ಆಸುಪಾಸಿನ ಹೆಂಗಸರ ಗಲ್ಲದ ಮೇಲಿನ ಬಂಗು ನಮ್ಮಲ್ಲಿ ತುಂಬ ಸಾಮಾನ್ಯ. ಬಸಿರು, ಹಾರ್ಮೋನ್ ಗುಳಿಗೆ, ಮನೆತನದ ಗುಣ, ಇವೆಲ್ಲ ಕಾರಣ. ಆದರೆ ಅದನ್ನು ಕಪ್ಪು ಮಾಡುವುದು ಬಿಸಿಲು, ಬೆಳಕು. ಎಷ್ಟು ಬೆಲೆಯ ಔಷಧ ಹಚ್ಚಿದರೂ ಬಿಸಿಲಿಗೆ ಮರೆ ಇಲ್ಲದಿದ್ದರೆ ಬಂಗು ಮರಳಿ ಬರುತ್ತದೆ.

ಕಳೆ ಕೀಳುವ, ಕಬ್ಬು ಕಡಿಯುವ ಹೆಂಗಸಿಗೆ ಎರಡು ತಾಸಿಗೊಮ್ಮೆ ಸನ್‌ಸ್ಕ್ರೀನ್ ಹಚ್ಚು ಎಂದರೆ ಅದು ಆಗದ ಮಾತು. ಬೆವರಿನಲ್ಲಿ ನಿಲ್ಲುವುದಿಲ್ಲ, ದುಡ್ಡೂ ಸಾಲದು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ಹಾಕಿಕೊಂಡು, ತಲೆಗೆ ಹತ್ತಿಯ ಬಟ್ಟೆಯನ್ನು ಹಣೆ, ಗಲ್ಲ ಮುಚ್ಚುವಂತೆ ಕಟ್ಟುವ ಪದ್ಧತಿ ನಮ್ಮ ಹೊಲಗಳಲ್ಲಿ ಇದ್ದೇ ಇದೆ. ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಕಬ್ಬಿನ ಗರಿಯ ಅಂಚು ಗೀರುವುದನ್ನೂ, ರವದಿಯ ಧೂಳು ಕಡಿಯುವುದನ್ನೂ ಆ ಅಂಗಿಯೇ ತಡೆಯುತ್ತದೆ.

ಕಾಲೇಜು, ಆಫೀಸಿನವರು ಕ್ರೀಮು ಹಚ್ಚಿ. ಎಸ್‌ಪಿಎಫ್ 30 ಸಾಕು. ಅದು ಸುಡುವ ಕಿರಣದ ಶೇಕಡಾ 97ರಷ್ಟು ತಡೆಯುತ್ತದೆ, 50 ಎಂದಿದ್ದರೆ ಶೇಕಡಾ 98. ಆ ಒಂದಕ್ಕಾಗಿ ದುಪ್ಪಟ್ಟು ದುಡ್ಡು ಬೇಡ. ಎಷ್ಟು ಹಚ್ಚುತ್ತೀರಿ ಎನ್ನುವುದೇ ಮುಖ್ಯ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಮುಖ ಮತ್ತು ಕುತ್ತಿಗೆಗೆ ಸರಿಹೋಗುತ್ತದೆ. ಕಡಲೆಕಾಳಿನಷ್ಟು ಹಚ್ಚಿ ‘ಉಪಯೋಗ ಆಗಲಿಲ್ಲ’ ಎನ್ನುವವರೇ ಹೆಚ್ಚು. ಬಂಗು ಇದ್ದವರು ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಕೊಳ್ಳಿ. ಬರೀ ಬೆಳಕಿಗೂ ಬಂಗು ಕಪ್ಪಾಗುತ್ತದೆ, ಸಾದಾ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಲಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಹೋಗಬೇಡಿ. ಲಿಂಬೆಯ ರಸಕ್ಕೆ ಬಿಸಿಲು ತಾಗಿದರೆ ಚರ್ಮ ಸುಟ್ಟು ಕಪ್ಪು ಪಟ್ಟೆ ಏಳುತ್ತದೆ.

5. ಅರಿಶಿಣ ಹಚ್ಚಿ, ಆದರೆ ಕೊಂಬು ತಂದು ಬೀಸಿಸಿ

ರಾಯಬಾಗದ ಕಡೆ ಅರಿಶಿಣ ಬೆಳೆಯುತ್ತಾರೆ, ಸಾಂಗಲಿಯ ಪೇಟೆ ಹತ್ತಿರದಲ್ಲಿದೆ. ಹೀಗಿದ್ದೂ ಕಣ್ಣು ಕುಕ್ಕುವ ಹಳದಿಯ ಬಿಡಿ ಪುಡಿ ತರುವುದು ನನಗೆ ಸರಿ ಕಾಣುವುದಿಲ್ಲ. ಬಣ್ಣ ಹೆಚ್ಚಿಸಲು ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ದೇಶದಲ್ಲಿ ಸಿಕ್ಕಿಬಿದ್ದಿದೆ. ಕೊಂಬು ತಂದು ಗಿರಣಿಯಲ್ಲಿ ಬೀಸಿಸಿ. ಹಾಲಿನ ಕೆನೆಯಲ್ಲೋ ಮೊಸರಿನಲ್ಲೋ ಕಲಸಿ, ಒಣಗುವ ಮೊದಲೇ ತೊಳೆಯಿರಿ. ಅರಿಶಿಣ ಮುಖವನ್ನು ಬಿಳಿ ಮಾಡುತ್ತದೆ ಎಂಬ ಆಸೆ ಬೇಡ. ಅರಿಶಿಣದ ದಿನ ಮಂದಿ ಮಮತೆಯಿಂದ ತಿಕ್ಕುತ್ತಾರೆ, ಮದುಮಗಳ ಮುಖದಲ್ಲಿ ಮೊಡವಿ ಇದ್ದರೆ ಕೈ, ಕಾಲಿಗೆ ಹಚ್ಚಿ ಗಲ್ಲಕ್ಕೆ ಬೆರಳು ಮುಟ್ಟಿಸಿದರೆ ಸಾಕೆಂದು ಮೊದಲೇ ಹೇಳಿಬಿಡಿ.

6. ಟಿಕಳಿಯ ಅಂಟು, ಕೂದಲ ಬಣ್ಣ

ಹಣೆಯ ನಡುವೆ ಟಿಕಳಿಯ ಅಳತೆಯ ಬಿಳಿ ಕಲೆ ಕಂಡ ಹೆಂಗಸರು ತೊನ್ನು ಎಂದು ಹೆದರುತ್ತಾರೆ. ಮುಚ್ಚಲು ಇನ್ನೂ ದೊಡ್ಡ ಟಿಕಳಿ ಅಂಟಿಸುತ್ತಾರೆ, ಕಲೆ ಅದರಷ್ಟೇ ದೊಡ್ಡದಾಗುತ್ತದೆ. ಕೆಲವು ಟಿಕಳಿಗಳ ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಬಿಳಿ ಕಂಡ ದಿನವೇ ಟಿಕಳಿ ಬಿಟ್ಟು ವೈದ್ಯರಿಗೆ ತೋರಿಸಿದರೆ ಬಣ್ಣ ಮರಳುವ ಸಾಧ್ಯತೆ ಹೆಚ್ಚು. ಕಲೆ ಇಲ್ಲದವರೂ ರಾತ್ರಿ ತೆಗೆದಿಟ್ಟು ಮಲಗಿ.

ಕರಿ ಮೆಹಂದಿ ಎಂದು ಮಾರುವ ಪಾಕೀಟಿನಲ್ಲಿ ಕರಿ ಬಣ್ಣ ಬರುವುದು ಮದರಂಗಿಯಿಂದಲ್ಲ, ಪಿಪಿಡಿ ಎಂಬ ರಾಸಾಯನಿಕದಿಂದ. ಮದರಂಗಿ ಕೊಡುವುದು ಕೆಂಪು ಮಾತ್ರ. ಹಣೆಯಂಚು, ಕಿವಿಯ ಸುತ್ತ ತುರಿಸಿ ಕಪ್ಪಾಗುತ್ತಿದ್ದರೆ ಮೊದಲು ಈ ಪಾಕೀಟಿನ ಮೇಲೆ ಸಂಶಯಪಡಿ. ಹಚ್ಚುವ ಮುನ್ನ ಕಿವಿಯ ಹಿಂದೆ ಒಂದು ಚುಕ್ಕಿ ಇಟ್ಟು ಎರಡು ದಿನ ನೋಡಿ. ಕಳೆದ ಸಲ ಏನೂ ಆಗಿರಲಿಲ್ಲ ಎಂಬುದನ್ನು ನಂಬಬೇಡಿ, ಈ ಅಲರ್ಜಿ ಯಾವಾಗ ಬೇಕಾದರೂ ಶುರುವಾಗಬಹುದು.

7. ಕಾಂಗ್ರೆಸ್ ಕಸ

ರೆಪ್ಪೆ ಊದಿ, ಕುತ್ತಿಗೆ, ಮೊಣಕೈ ಒಳಮಡಿಕೆ ದಪ್ಪಗಾಗಿ ತುರಿಸುವ ರೈತರು, ರೈತ ಹೆಂಗಸರು ಮುಖಕ್ಕೆ ಏನಾದರೂ ಹಚ್ಚಿ ಎಂದು ಬರುತ್ತಾರೆ. ನಾನು ಮೊದಲು ಕೇಳುವುದು ಬದುವಿನ ಮೇಲೆ ಕಾಂಗ್ರೆಸ್ ಕಸ ಇದೆಯೇ ಎಂದು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದ ಈ ಕಳೆ ಈಗ ದೇಶದ ಎಲ್ಲ ಕಡೆ ಇದೆ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೇಲಿ ಬಂದರೂ ಸಾಕು, ಒಗ್ಗದವರ ಚರ್ಮ ಕೆರಳುತ್ತದೆ. ಬರಿಗೈಯಿಂದ ಕೀಳಬೇಡಿ, ಹೂ ಬಿಡುವ ಮುನ್ನ ಕೀಳಿಸಿ, ಹೊಲದಿಂದ ಬಂದ ಕೂಡಲೇ ಬಟ್ಟೆ ಬದಲಿಸಿ ಮುಖ ತೊಳೆಯಿರಿ. ಇದಕ್ಕೆ ಫೇಶಿಯಲ್ ಮದ್ದಲ್ಲ.

8. ಸವಳು ನೀರು, ಒಡೆದ ಹಿಮ್ಮಡಿ

ಬೋರಿನ ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡುವುದಿಲ್ಲ, ಪದರವಾಗಿ ಚರ್ಮದ ಮೇಲೇ ಕೂರುತ್ತದೆ. ಮುಖಕ್ಕೆ ದಿನಕ್ಕೆ ಎರಡೇ ಸಲ, ಸೌಮ್ಯವಾದ ಫೇಸ್‌ವಾಶ್ ಸಾಕು. ಸ್ನಾನ ಮುಗಿದು ಮೈ ಇನ್ನೂ ಹಸಿಯಾಗಿರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ, ಮೊಡವಿ ಇರುವ ಮುಖಕ್ಕೆ ಮಾತ್ರ ಬೇಡ. ಹಿಮ್ಮಡಿಗೆ ರಾತ್ರಿ ಯೂರಿಯಾ ಇರುವ ಕ್ರೀಮು ಹಚ್ಚಿ ಕಾಲುಚೀಲ ಹಾಕಿ. ಬ್ಲೇಡಿನಿಂದ ಕೆತ್ತಬೇಡಿ, ಸಕ್ಕರೆ ಕಾಯಿಲೆ ಇದ್ದರಂತೂ ಮುಟ್ಟಲೇಬೇಡಿ.

9. ಪಾರ್ಲರ್‌ನಲ್ಲಿ ನೋಡಬೇಕಾದದ್ದು

ನನ್ನ ಪಾರ್ಲರ್ ಸೇರಿ ಯಾವುದಕ್ಕೆ ಹೋದರೂ ಕೇಳಿ. ದಾರ ಹೊಸದೇ? ಬಾಯಲ್ಲಿ ಕಚ್ಚಿ ಥ್ರೆಡಿಂಗ್ ಮಾಡುತ್ತಾರೆಯೇ? ಕುತ್ತಿಗೆಗೆ ಸುತ್ತಿಕೊಂಡೂ ದಾರ ಹಿಡಿಯಬಹುದು, ಉಗುಳು ತಾಗುವುದಿಲ್ಲ. ಹುಬ್ಬಿನ ಹತ್ತಿರ ನರಹುಲಿ ಇದ್ದರೆ ಥ್ರೆಡಿಂಗ್ ಮಾಡಿಸಬೇಡಿ, ದಾರ ಎಳೆದ ದಾರಿಯಲ್ಲೇ ಅವು ಹಬ್ಬುತ್ತವೆ. ಮೈಗೆ ವ್ಯಾಕ್ಸ್ ಹಚ್ಚಿದ ಕಡ್ಡಿಯನ್ನು ಮತ್ತೆ ಡಬ್ಬಿಯಲ್ಲಿ ಅದ್ದಬಾರದು. ಮೊಡವಿಗೆ ಟ್ರೆಟಿನಾಯಿನ್, ಅಡಾಪಲೀನ್ ಹಚ್ಚುತ್ತಿದ್ದರೆ, ಐಸೊಟ್ರೆಟಿನಾಯಿನ್ ಗುಳಿಗೆ ನುಂಗುತ್ತಿದ್ದರೆ ಕೂರುವ ಮೊದಲೇ ಹೇಳಿ. ಅಂಥ ಚರ್ಮ ವ್ಯಾಕ್ಸ್ ಜೊತೆಗೇ ಸುಲಿದು ಬರಬಹುದು.

10. ಕಪ್ಪು ಕುತ್ತಿಗೆ ಕೊಳೆಯಲ್ಲ

ಕುತ್ತಿಗೆ, ಕಂಕುಳು ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ತಾಯಂದಿರು ಕಲ್ಲು ಹಚ್ಚಿ ತಿಕ್ಕುತ್ತಾರೆ. ತಿಕ್ಕಿದಷ್ಟೂ ಕಪ್ಪಾಗುತ್ತದೆ. ಇದು ಬಹಳ ಸಲ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ. ಜೊತೆಗೆ ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಕೂದಲು ಬಂದಿದ್ದರೆ ಪಿಸಿಓಡಿ ಇರಬಹುದು. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ವೈದ್ಯರನ್ನು ನೋಡಿ. ಕುತ್ತಿಗೆಯ ಪಾಲಿಶಿಂಗ್‌ಗೆಂದು ಬಂದವರನ್ನು ನಾನು ಹೀಗೇ ಕಳಿಸುತ್ತೇನೆ. ತೂಕ ಇಳಿದಾಗ ಕುತ್ತಿಗೆ ತಿಳಿಯಾಗಿದ್ದನ್ನು ಕಂಡಿದ್ದೇನೆ.

11. ಮುಟ್ಟಿದ್ದು ತಿಳಿಯದ ಕಲೆ

ಮಸಾಜು ಮಾಡುವಾಗ ಕೈ, ಬೆನ್ನು, ಮುಖದ ಮೇಲೆ ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ಕೆಂಪಾದ ಕಲೆ ಕಂಡರೆ ಹತ್ತಿಯ ಎಳೆಯಿಂದ ಮೆಲ್ಲಗೆ ಮುಟ್ಟಿ, ಕಣ್ಣು ಮುಚ್ಚಿಸಿ ಕೇಳುತ್ತೇನೆ. ‘ಗೊತ್ತಾಗಲಿಲ್ರಿ’ ಎಂದರೆ ಅಲ್ಲಿಗೆ ನನ್ನ ಕೆಲಸ ನಿಲ್ಲುತ್ತದೆ. ಅದು ಕುಷ್ಠರೋಗದ ಮೊದಲ ಗುರುತಾಗಿರಬಹುದು. ಹೆಸರು ಕೇಳಿಯೇ ಮನೆಯವರು ಮುಚ್ಚಿಡಲು ನೋಡುತ್ತಾರೆ, ಆದ್ದರಿಂದ ಒಬ್ಬರೇ ಇದ್ದಾಗ, ಬಾಗಿಲು ಹಾಕಿ, ನಿಧಾನವಾಗಿ ಹೇಳುತ್ತೇನೆ: ಇದು ವಾಸಿಯಾಗುವ ರೋಗ. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ. ರೋಗದ ಬಗೆ ನೋಡಿ ಆರು ತಿಂಗಳು ಅಥವಾ ಒಂದು ವರ್ಷ ತೆಗೆದುಕೊಳ್ಳಬೇಕು. ಔಷಧ ಶುರುವಾದ ಸ್ವಲ್ಪ ದಿನಕ್ಕೇ ಇನ್ನೊಬ್ಬರಿಗೆ ಅಂಟುವ ಭಯ ಹೋಗುತ್ತದೆ, ಮಕ್ಕಳನ್ನು ದೂರ ಇಡಬೇಕಿಲ್ಲ, ಪಾತ್ರೆ ಬೇರೆ ಮಾಡಬೇಕಿಲ್ಲ. ತಡ ಮಾಡಿದರೆ ಬೆರಳಿನ ನರ ಸೋಲುತ್ತದೆ, ಅದು ಮರಳಿ ಬರುವುದು ಕಷ್ಟ. ಒಬ್ಬರೇ ಹೋಗಲು ಅಂಜಿದರೆ ನಾನೇ ಜೊತೆಗೆ ಚಿಕ್ಕೋಡಿಗೆ ಬರುತ್ತೇನೆ ಎನ್ನುತ್ತೇನೆ.